ಕಾವಿಮಣ್ಣಿನ ಚಿತ್ರ ಕೊಳ್ಳುವ ಮುಂಚೆ: ಯಾವುದು, ಯಾರಿಂದ?

ಆಸ್ಟ್ರೇಲಿಯಾದಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಬಂದ ನಮ್ಮ ಕಡೆಯವರು, ವಾಪಸ್ ಹೊರಡುವ ವಾರ ಈ ಮಾತು ಎತ್ತುತ್ತಾರೆ. "ಇಲ್ಲಿನ ಮೂಲನಿವಾಸಿಗಳದ್ದು ಒಂದು ಚಿತ್ರ ತಗೊಂಡು ಹೋಗಬೇಕು. ಯಾವುದು ತಗೊಳ್ಳಲಿ?" ಇಲ್ಲೇ ಮನೆ ಮಾಡಿಕೊಂಡವರೂ ಹಾಲ್‌ನ ಖಾಲಿ ಗೋಡೆ ತೋರಿಸಿ ಇದನ್ನೇ ಕೇಳುತ್ತಾರೆ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಮಣ್ಣಿನ ಬಣ್ಣದ್ದು ಬೇಕಾ, ಅಕ್ರಿಲಿಕ್ ಅನ್ನುವ ಕಾರ್ಖಾನೆಯ ಬಣ್ಣದ್ದು ಬೇಕಾ? ನಿಮ್ಮ ದುಡ್ಡು ಯಾರ ಕೈ ಸೇರಬೇಕು? ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ಅರ್ಧ ಬಗೆಹರಿದ ಹಾಗೆ.

ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ನನಗೆ ಮಣ್ಣಿನ ಬಣ್ಣದ ಚಿತ್ರ ಇಷ್ಟ, ಅದರಲ್ಲೂ ಕಿಂಬರ್ಲಿಯ ವಾರ್ಮುನ್ ಊರಿನವು. ಕೊಳ್ಳುವುದಾದರೆ ಆ ಊರಿನ ಜನರೇ ಒಡೆಯರಾಗಿರುವ ಆರ್ಟ್ ಸೆಂಟರ್‌ನಿಂದ ಕೊಳ್ಳಬೇಕು ಅನ್ನುವವ ನಾನು. ಆದರೂ ಎಲ್ಲರ ಮನೆಗೂ ಎಲ್ಲರ ಜೇಬಿಗೂ ಒಂದೇ ಉತ್ತರ ಸರಿಹೋಗುವುದಿಲ್ಲ. ಬೇರೆ ದಾರಿಗಳನ್ನೂ ಪಕ್ಕದಲ್ಲಿಟ್ಟು ನೋಡೋಣ.

ಮಣ್ಣೋ, ಅಕ್ರಿಲಿಕ್ಕೋ?

ಇಲ್ಲಿನವರು ಓಕರ್ ಅನ್ನುವುದಕ್ಕೆ ಕನ್ನಡದಲ್ಲಿ ಹೆಸರಿಗೆ ಬರವಿಲ್ಲ. ಕಾವಿ, ಕೆಮ್ಮಣ್ಣು, ಜಾಜು. ಮಲೆನಾಡಿನ ಹಸೆ ಚಿತ್ತಾರಕ್ಕೆ ಗೋಡೆ ಸಾರಿಸುವುದೂ ಕೆಮ್ಮಣ್ಣಿನಲ್ಲೇ. ಹಾಗಾಗಿ ಈ ಚಿತ್ರಗಳ ಮುಂದೆ ನಿಂತಾಗ ಬಣ್ಣದ ಗುರುತು ನಮಗೆ ಕೂಡಲೇ ಸಿಗುತ್ತದೆ. ಒಳಗಿರುವ ಕತೆಗೆ ಮಾತ್ರ ಕಾಯಬೇಕು.

ಕೆಂಪು, ಹಳದಿ ಎರಡೂ ಮಣ್ಣಿನಲ್ಲಿರುವ ಕಬ್ಬಿಣದಿಂದ ಬರುವ ಬಣ್ಣ. ಹೆಮಟೈಟ್ ಇದ್ದರೆ ಕೆಂಪು, ಗೋಥೈಟ್ ಇದ್ದರೆ ಹಳದಿ. ಬಿಳಿಗೆ ಬಿಳಿ ಜೇಡಿಮಣ್ಣು, ಕಪ್ಪಿಗೆ ಇದ್ದಿಲು. ಕೆಂಪಿಗೆ ಬಿಳಿ ಬೆರೆಸಿದರೆ ಗುಲಾಬಿ. ಡಾರ್ವಿನ್‌ನ ಉತ್ತರಕ್ಕಿರುವ ತಿವಿ ದ್ವೀಪಗಳಲ್ಲಿ ಹಳದಿ ಮಣ್ಣನ್ನು ಬೆಂಕಿಯಲ್ಲಿ ಸುಟ್ಟು ಕೆಂಪು ಮಾಡಿಕೊಳ್ಳುತ್ತಾರೆ. ಹೆಂಚು ಸುಡುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಣ್ಣನ್ನು ಅಗೆದು ತರಬೇಕು, ಕಲ್ಲಿನ ಮೇಲೆ ಅರೆಯಬೇಕು, ನೀರು ಮತ್ತು ಅಂಟು ಸೇರಿಸಬೇಕು. ಮೊದಲು ಮರದ ಅಂಟು ಬಳಸುತ್ತಿದ್ದರು. ಈಗ ಹೆಚ್ಚಿನ ಕಡೆ ಪಿವಿಎ ಅಥವಾ ಅಕ್ರಿಲಿಕ್ ಅಂಟು. ಇದನ್ನು ಕೇಳಿ ಕೆಲವರು 'ಹಾಗಾದ್ರೆ ಅಸಲಿ ಅಲ್ವಾ?' ಅಂತ ಮುಖ ಸಣ್ಣ ಮಾಡುತ್ತಾರೆ. ಅಂಟು ಬದಲಾದರೂ ಬಣ್ಣ ಅದೇ ಮಣ್ಣಿನದು. ಹೊಸ ಅಂಟಿನಿಂದ ಚಿತ್ರಕ್ಕೆ ಬಾಳಿಕೆ ಜಾಸ್ತಿ. ಕೊಳ್ಳುವವರಿಗೆ ಇದರಿಂದ ಅನುಕೂಲವೇ.

ಅಕ್ರಿಲಿಕ್ ಮರುಭೂಮಿಯ ಕಡೆಯದು. 1971ರಲ್ಲಿ ಪಾಪುನ್ಯಾ ಎಂಬಲ್ಲಿ ಶುರುವಾದ ಚಳವಳಿ ಇಡೀ ಮಧ್ಯ ಆಸ್ಟ್ರೇಲಿಯಾಕ್ಕೆ ಹರಡಿತು. ಚುಕ್ಕೆ ಚುಕ್ಕೆಯ ಚಿತ್ರ ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ಬಹುತೇಕ ಇದೇ. ಅದನ್ನು ಕೀಳು ಅನ್ನಬೇಡಿ. ಅಲ್ಲಿನ ಕಲಾವಿದರು 1972ರಲ್ಲಿ ಕಟ್ಟಿದ ಪಾಪುನ್ಯಾ ತುಲ ಕಂಪನಿ ಇವತ್ತಿಗೂ ಕಲಾವಿದರದೇ. ನೀಲಿ, ಹಸಿರು, ನೇರಳೆ ಬೇಕು, ಸುತ್ತಿಕೊಂಡು ವಿಮಾನದಲ್ಲಿ ಒಯ್ಯಬೇಕು, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಅನ್ನುವವರಿಗೆ ಅಕ್ರಿಲಿಕ್ ಸುಲಭ. ಅದು ಬಳುಕುತ್ತದೆ, ಧೂಳು ಕೂತರೂ ತೆಗೆಯಬಹುದು.

ಮಣ್ಣಿನ ಚಿತ್ರಕ್ಕೆ ಹೊಳಪಿಲ್ಲ. ಹತ್ತಿರ ಹೋದರೆ ಮರಳಿನ ಕಾಳು ಕಾಣುತ್ತದೆ. ಬೆಳಗಿನ ಬೆಳಕಿಗೆ ಒಂದು ಥರ, ಸಂಜೆಗೆ ಇನ್ನೊಂದು ಥರ. ಕಬ್ಬಿಣದ ಬಣ್ಣ ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ, ಆದರೆ ನೀರು ತಾಗಿದರೆ ಕಷ್ಟ, ಮಡಚಿದರೆ ಬಿರುಕು. ಇಷ್ಟೆಲ್ಲ ನೋಡಿಕೊಳ್ಳಲು ಸಿದ್ಧ ಅಂದರೆ ಮಾತ್ರ ಇದನ್ನು ಆರಿಸಿ.

ವಾರ್ಮುನ್ ಯಾಕೆ?

ಪಶ್ಚಿಮ ಆಸ್ಟ್ರೇಲಿಯಾದ ಪೂರ್ವ ಕಿಂಬರ್ಲಿಯಲ್ಲಿ, ಕುನನುರಾ ಪಟ್ಟಣದಿಂದ ತೆಂಕಕ್ಕೆ ಸುಮಾರು 200 ಕಿಲೋಮೀಟರ್ ಹೋದರೆ ವಾರ್ಮುನ್. ಹಳೆಯ ಹೆಸರು ಟರ್ಕಿ ಕ್ರೀಕ್. ಗಿಜಾ ಜನರ ಊರು. ಪರ್ತ್‌ನಿಂದ ರಸ್ತೆಯಲ್ಲಿ ಹೊರಟರೆ 3000 ಕಿಲೋಮೀಟರ್ ಆಸುಪಾಸು ದೂರ.

ಈ ಊರು ಬೆಳೆದ ಬಗೆ ಗೊತ್ತಿರಬೇಕು, ಯಾಕಂದರೆ ಚಿತ್ರಗಳಲ್ಲಿ ಇರುವುದು ಅದೇ. ಗಿಜಾ ಜನ ತಲೆಮಾರುಗಟ್ಟಲೆ ತಮ್ಮದೇ ನೆಲದಲ್ಲಿ, ಬೇರೆಯವರ ದನದ ಫಾರ್ಮುಗಳಲ್ಲಿ ದುಡಿದರು. ಸಿಕ್ಕಿದ್ದು ಬಹಳ ಸಲ ಊಟ, ಬಟ್ಟೆ, ಚೂರುಪಾರು ಕೂಲಿ. 1960ರ ದಶಕದ ಕೊನೆಯಲ್ಲಿ ಸಮಾನ ಕೂಲಿ ಕೊಡಬೇಕು ಅಂತ ಆದೇಶ ಬಂತು. ಅದನ್ನು ಕೊಡುವ ಬದಲು ಎಷ್ಟೋ ಮಾಲೀಕರು ಕೆಲಸಗಾರರನ್ನೇ ಹೊರಗೆ ಹಾಕಿದರು. ಹಾಗೆ ನೆಲೆ ತಪ್ಪಿದವರು ಬಂದು ಸೇರಿದ ಜಾಗಗಳಲ್ಲಿ ಟರ್ಕಿ ಕ್ರೀಕ್ ಒಂದು.

1974ರ ಕ್ರಿಸ್ಮಸ್ ಹೊತ್ತಿಗೆ ಟ್ರೇಸಿ ಚಂಡಮಾರುತ ಡಾರ್ವಿನ್ ನಗರವನ್ನು ನೆಲಸಮ ಮಾಡಿತು. ನಮ್ಮ ಸಂಪ್ರದಾಯ ಬಿಟ್ಟದ್ದಕ್ಕೆ ನಮ್ಮ ಪುರಾಣದ ಮಹಾಸರ್ಪ ಕೊಟ್ಟ ಎಚ್ಚರಿಕೆ ಇದು ಅಂತ ಕಿಂಬರ್ಲಿಯ ಹಿರಿಯರು ಅರ್ಥ ಮಾಡಿಕೊಂಡರು. ಅದೇ ಕಾಲಕ್ಕೆ ರೋವರ್ ಥಾಮಸ್ ಎಂಬ ದನಗಾಹಿಗೆ ಕನಸು ಬೀಳತೊಡಗಿತು. ರಸ್ತೆ ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡ, ವರಸೆಯಲ್ಲಿ ತಾಯಿಯಾಗಬೇಕಾದ ಹೆಂಗಸೊಬ್ಬಳ ಆತ್ಮ ಕನಸಿನಲ್ಲಿ ಬಂದು, ತಾನು ಊರೂರು ದಾಟಿ ಬಂದ ದಾರಿಯನ್ನು ಹೇಳಿತು. ಅದರಿಂದ ಹುಟ್ಟಿದ್ದು ಗುರಿರ್ ಗುರಿರ್ ಎಂಬ ಹಾಡು ಕುಣಿತ. ಕುಣಿಯುವವರು ಹೆಗಲ ಮೇಲೆ ಬಣ್ಣ ಬಳಿದ ಹಲಗೆ ಹೊರುತ್ತಿದ್ದರು. ಮೊದಮೊದಲು ಆ ಹಲಗೆಗಳನ್ನು ಬರೆದವರು ರೋವರ್ ಅವರ ಮಾವ ಪ್ಯಾಡಿ ಜಾಮಿಂಜಿ. 1980ರ ದಶಕದ ಆರಂಭದಲ್ಲಿ ರೋವರ್ ತಾವೇ ಬರೆಯಲು ಶುರು ಮಾಡಿದರು. 1990ರಲ್ಲಿ ಅವರ ಚಿತ್ರ ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನಕ್ಕೆ ಹೋಯಿತು.

ಕಿಂಬರ್ಲಿಯ ಕಾವಿ ಚಿತ್ರ ಅಂದಾಗ ನೆನಪಾಗುವ ಶೈಲಿ ಈ ಹಲಗೆಗಳಿಂದ ಬಂದದ್ದು. ಅಗಲವಾದ ಮಣ್ಣಿನ ಬಯಲು, ಸುತ್ತ ಬಿಳಿ ಚುಕ್ಕೆಯ ಒಂದೇ ಸಾಲು. ಮೇಲಿನಿಂದ ನೋಡಿದ ಹೊಳೆ, ಪಕ್ಕದಿಂದ ನೋಡಿದ ಬೆಟ್ಟ, ಎರಡೂ ಒಂದೇ ಚಿತ್ರದಲ್ಲಿ. ಗಿಜಾ ಮಾತಿನಲ್ಲಿ ಙರಂಗರ್ನಿ ಅಂದರೆ ಲೋಕ ರೂಪ ತಳೆದ ಕಾಲ ಮತ್ತು ಆಗ ಬಂದ ಕಟ್ಟಳೆ. ಇವತ್ತಿಗೂ ನಡೆಯುತ್ತಿರುವ ಕಾಲ ಅದು. ವಾರ್ಮುನ್‌ನ ಕಲಾವಿದೆ ಮೇಬಲ್ ಜೂಲಿ ಅವರ ಗರ್ನ್‌ಕಿನಿ, ಅಂದರೆ ಚಂದ್ರನ, ಚಿತ್ರಗಳನ್ನು ನೋಡಿ. ಇದ್ದಿಲ ಕಪ್ಪಿನ ಮೇಲೆ ಬಿಳಿ ಚಂದ್ರ, ಒಂದು ನಕ್ಷತ್ರ. ಮದುವೆಯಾಗಲು ವರಸೆ ಕೂಡದ ಹೆಣ್ಣನ್ನು ಚಂದ್ರ ಇಷ್ಟಪಟ್ಟ, ಊರಿನವರು ಬೈದು ಓಡಿಸಿದರು. ವರಸೆ ನೋಡಿ ಮದುವೆ ಮಾಡುವ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ.

ಎಲ್ಲ ಚಿತ್ರವೂ ಪುರಾಣದ್ದಲ್ಲ. ಬಿಳಿಯರು ಬಂದ ಮೇಲೆ ನಡೆದ ಕೊಲೆಗಳೂ ಅದೇ ಶಾಂತವಾದ ಕಾವಿ ಬಣ್ಣದಲ್ಲಿವೆ. ಬೆಡ್‌ಫರ್ಡ್ ಡೌನ್ಸ್ ಫಾರ್ಮಿನಲ್ಲಿ ವಿಷವಿಟ್ಟು ಕೊಂದ ಕತೆಯನ್ನು ಒಬ್ಬರಿಗಿಂತ ಹೆಚ್ಚು ಕಲಾವಿದರು ಬರೆದಿದ್ದಾರೆ. ನೀವು ಮೆಚ್ಚಿದ ಚಿತ್ರ ಅಂಥದ್ದಾಗಿರಬಹುದು. ಕತೆ ಓದದೆ ಕೊಳ್ಳಬೇಡಿ.

ವಾರ್ಮುನ್ ಆರ್ಟ್ ಸೆಂಟರ್ ಶುರುವಾದದ್ದು 1998ರಲ್ಲಿ. ಕ್ವೀನಿ ಮೆಕೆಂಜಿ, ಹೆಕ್ಟರ್ ಜಂಡನಿ, ಮ್ಯಾಡಿಗನ್ ಥಾಮಸ್, ಲೀನಾ ನ್ಯಾಡ್ಬಿ ಮೊದಲಾದ ಹಿರಿಯರು ಕಟ್ಟಿದರು. ಒಡೆತನ ಗಿಜಾ ಜನರದು, ಆಡಳಿತವೂ ಅವರದೇ. ಲೀನಾ ನ್ಯಾಡ್ಬಿ ಅವರ ಕೆಲಸವೊಂದನ್ನು ದೊಡ್ಡದು ಮಾಡಿ 2013ರಲ್ಲಿ ಪ್ಯಾರಿಸ್‌ನ ಕೇ ಬ್ರಾನ್ಲಿ ಮ್ಯೂಸಿಯಮ್ಮಿನ ತಾರಸಿಗೆ ಬಳಿದರು. ಐಫೆಲ್ ಗೋಪುರ ಹತ್ತಿದವರಿಗೆ ಕಾಣುತ್ತದೆ. ಅದರಲ್ಲಿರುವುದು ಬಾರಮುಂಡಿ ಮೀನಿನ ಹುರುಪೆ. ಮೀನು ಬಲೆಯಿಂದ ತಪ್ಪಿಸಿಕೊಂಡು ಹಾರಿದಾಗ ಉದುರಿದ ಹುರುಪೆಗಳೇ ವಜ್ರವಾದವು ಅನ್ನುತ್ತದೆ ಗಿಜಾ ಕತೆ. ಆರ್ಗೈಲ್ ವಜ್ರದ ಗಣಿ ತೋಡಿದ್ದು ಅದೇ ಜಾಗದಲ್ಲಿ.

2011ರ ಮಾರ್ಚ್‌ನಲ್ಲಿ ಹೊಳೆ ಉಕ್ಕಿ ಊರನ್ನೇ ಕೊಚ್ಚಿತು. ಜನರನ್ನು ಕುನನುರಾಕ್ಕೆ ಸಾಗಿಸಿದರು. ಸೆಂಟರಿಗೂ ನೀರು ನುಗ್ಗಿತು. ಊರಿನವರು ಮಾರದೆ, ಮಕ್ಕಳಿಗೆ ಕಲಿಸಲೆಂದು ಇಟ್ಟುಕೊಂಡಿದ್ದ ಹಳೆಯ ಚಿತ್ರಗಳನ್ನು ಮೆಲ್ಬರ್ನ್ ವಿಶ್ವವಿದ್ಯಾಲಯಕ್ಕೆ ಕಳಿಸಿ ಉಳಿಸಬೇಕಾಯಿತು. ಈ ಸಂಗತಿ ನನಗೆ ಬಹಳ ಮುಖ್ಯ. ಅಂಗಡಿಯವರು ಎಲ್ಲವನ್ನೂ ಮಾರುತ್ತಾರೆ. ಊರಿನ ಸೆಂಟರ್ ಒಳ್ಳೆಯದರಲ್ಲಿ ಕೆಲವನ್ನು ತನ್ನ ಮಕ್ಕಳಿಗೆ ಇಟ್ಟುಕೊಳ್ಳುತ್ತದೆ.

ಬೇರೆ ಊರಿನ ಮಣ್ಣು

ವಾರ್ಮುನ್‌ವರೆಗೆ ಹೋಗಲು ಆಗದವರಿಗೆ ಕುನನುರಾದ ವಾರಿಂಗಾರಿ ಆರ್ಟ್ ಸೆಂಟರ್ ಹತ್ತಿರ. ವಿಮಾನ ಇಳಿಯುವ ಪಟ್ಟಣ. ಮಿರಿವೂಂಗ್ ಜನರ ಕಾವಿ ಚಿತ್ರ ಇಲ್ಲಿವೆ, ಕೆತ್ತಿದ ಬೋವಾಬ್ ಮರದ ಕಾಯಿಯೂ ಸಿಗುತ್ತದೆ. ದುಡ್ಡು ಕಡಿಮೆ ಇದ್ದವರು ಆ ಕಾಯಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಕತೆಗಿಂತ ಲಯ ಇಷ್ಟ, ವಿನ್ಯಾಸ ಇಷ್ಟ ಅನ್ನುವವರಿಗೆ ತಿವಿ ದ್ವೀಪಗಳ ಕೆಲಸ. ಮೆಲ್ವಿಲ್ ದ್ವೀಪದ ಮಿಲಿಕಪಿತಿಯಲ್ಲಿರುವ ಸೆಂಟರಿನ ಹೆಸರು ಜಿಲಮಾರ. ಮೈಮೇಲೆ ಬರೆದುಕೊಳ್ಳುವ ವಿನ್ಯಾಸಕ್ಕೇ ಜಿಲಮಾರ ಅನ್ನುತ್ತಾರೆ. ಮರದ ಬಾಚಣಿಗೆಯನ್ನು ಮಣ್ಣಿನಲ್ಲಿ ಅದ್ದಿ ಒತ್ತಿದಾಗ ಚುಕ್ಕೆಯ ಸಾಲು ಒಟ್ಟಿಗೇ ಮೂಡುತ್ತದೆ. ಬೆಂಗಳೂರಿನ ಸಣ್ಣ ಫ್ಲ್ಯಾಟಿನ ಗೋಡೆಗೆ ಇವು ಚೆನ್ನಾಗಿ ಒಪ್ಪುತ್ತವೆ.

ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್‌ನ ಯಿರ್ಕಾಲದಲ್ಲಿ ತೊಗಟೆಯ ಮೇಲೆ ಬರೆಯುತ್ತಾರೆ. ನೀಲಗಿರಿ ಜಾತಿಯ ಸ್ಟ್ರಿಂಗಿಬಾರ್ಕ್ ಮರದ ತೊಗಟೆ ಸುಲಿದು, ಬೆಂಕಿಯಲ್ಲಿ ಕಾಯಿಸಿ, ಭಾರವಿಟ್ಟು ಚಪ್ಪಟೆ ಮಾಡುತ್ತಾರೆ. ಕೂದಲೆಳೆಯ ಕುಂಚದಿಂದ ಅಡ್ಡಡ್ಡ ಗೆರೆ. ನೆಲವನ್ನು ಬರೆಯುವುದಾದರೆ ನೆಲದಲ್ಲಿ ಸಿಕ್ಕಿದ್ದರಿಂದಲೇ ಬರೆಯಬೇಕು ಅನ್ನುವುದು ಅಲ್ಲಿನ ಬುಕು ಲಾರ್ಂಗೈ ಮುಲ್ಕ ಸೆಂಟರಿನ ನಿಯಮ. ಬಾಕ್ಸೈಟ್ ಗಣಿಯ ವಿರುದ್ಧ 1963ರಲ್ಲಿ ಇದೇ ಊರಿನವರು ಪಾರ್ಲಿಮೆಂಟಿಗೆ ಅರ್ಜಿ ಕಳಿಸಿದರು. ಅರ್ಜಿಯ ಹಾಳೆ ಅಂಟಿಸಿದ್ದು ತೊಗಟೆಯ ಮೇಲೆ, ಸುತ್ತ ಮಣ್ಣಿನ ಬಣ್ಣದ ಚಿತ್ರ. ನೋಡಲು ಇವಕ್ಕೆ ಸಾಟಿ ಇಲ್ಲ. ಆದರೆ ತೊಗಟೆ ಹವೆಗೆ ತಕ್ಕಂತೆ ಸೊಟ್ಟಗಾಗುತ್ತದೆ. ಏಸಿ ಹಾಕುವ, ಆರಿಸುವ ಕೋಣೆಗೆ ಬೇಡ. ಮಂಗಳೂರಿನ ಮಳೆಗಾಲಕ್ಕೂ ಬೇಡ. ಮರದ ವಸ್ತು ಆದ್ದರಿಂದ ವಿಮಾನ ಹತ್ತುವ ಮುಂಚೆ ಎರಡೂ ದೇಶಗಳ ನಿಯಮ ವಿಚಾರಿಸಬೇಕು. ಊರಿಗೆ ಒಯ್ಯುವವರಿಗೆ ನಾನು ಕ್ಯಾನ್ವಾಸನ್ನೇ ಹೇಳುತ್ತೇನೆ.

ಯಾರಿಂದ ಕೊಳ್ಳುವುದು?

ಊರಿನ ಆರ್ಟ್ ಸೆಂಟರ್‌ನಿಂದ ನೇರವಾಗಿ ಕೊಂಡರೆ ಮಾರಾಟದ ಬೆಲೆಯಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಕಲಾವಿದರಿಗೆ. ಉಳಿದದ್ದು ಸೆಂಟರಿಗೆ. ಆ ಉಳಿದದ್ದರಲ್ಲೇ ಕ್ಯಾನ್ವಾಸ್, ಅಂಟು, ಕೆಲಸದವರ ಸಂಬಳ, ಹಿರಿಯರನ್ನು ಅವರ ನೆಲಕ್ಕೆ ಕರೆದೊಯ್ಯುವ ಗಾಡಿ, ಮಣ್ಣು ತರುವ ಪ್ರಯಾಣ ಎಲ್ಲ ನಡೆಯಬೇಕು. 'ಮಧ್ಯವರ್ತಿಗೆ ಯಾಕೆ ಇಷ್ಟು' ಅಂತ ಕೇಳುವವರು ಇಲ್ಲಿ ಮಧ್ಯವರ್ತಿ ಯಾರು ಅಂತ ನೋಡಬೇಕು. ಕಲಾವಿದರ ಮನೆಯವರೇ ಆ ಸೆಂಟರಿನ ಒಡೆಯರು.

ಹೋಗಲೇಬೇಕು ಅಂತಿಲ್ಲ. ಹೆಚ್ಚಿನ ಸೆಂಟರುಗಳು ವೆಬ್‌ಸೈಟಿನಲ್ಲಿ ಚಿತ್ರ ತೋರಿಸಿ, ಕೊರಿಯರ್ ಮಾಡುತ್ತವೆ. ಹೋಗುವುದಾದರೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಒಣಗಾಲದಲ್ಲಿ, ಫೋನ್ ಮಾಡಿ ಹೋಗಿ. ಮಳೆಗೆ ರಸ್ತೆ ಮುಚ್ಚುತ್ತದೆ. ಊರಲ್ಲಿ ಸಾವಾಗಿದ್ದರೆ ಸೆಂಟರೂ ಬಾಗಿಲು ಹಾಕಿರಬಹುದು. ಕೇಳದೆ ಜನರ ಫೋಟೊ ತೆಗೆಯಬೇಡಿ. ಒಂದೇ ಜಾಗದಲ್ಲಿ ಹಲವು ಊರಿನದು ನೋಡಬೇಕು ಅನ್ನುವವರಿಗೆ ಆಗಸ್ಟ್‌ನಲ್ಲಿ ನಡೆಯುವ ಡಾರ್ವಿನ್ ಅಬೊರಿಜಿನಲ್ ಆರ್ಟ್ ಫೇರ್. ಮಾರಾಟದ ಪೂರ್ತಿ ಹಣ ಕಲಾವಿದರಿಗೆ ಮತ್ತು ಸೆಂಟರುಗಳಿಗೇ ಹೋಗುತ್ತದೆ.

ಸಿಡ್ನಿ, ಮೆಲ್ಬರ್ನ್, ಪರ್ತ್‌ನ ಗ್ಯಾಲರಿಗಳಲ್ಲಿ ಒಳ್ಳೆಯವೂ ಬೇಕಾದಷ್ಟಿವೆ. ಗ್ಯಾಲರಿ ತನ್ನ ಪಾಲು ತಗೊಂಡು ಉಳಿದದ್ದು ಸೆಂಟರಿಗೂ ಕಲಾವಿದರಿಗೂ ಹಂಚಿಹೋಗುತ್ತದೆ. ಕಣ್ಣಾರೆ ನೋಡಿ, ಎರಡು ಸಲ ಯೋಚಿಸಿ ಕೊಳ್ಳುವ ಅನುಕೂಲ ಅಲ್ಲಿದೆ. ಮೊದಲ ಸಲ ದೊಡ್ಡ ಚಿತ್ರ ಕೊಳ್ಳುವವರಿಗೆ ಇದು ತಪ್ಪಲ್ಲ. ಎರಡು ಮಾತು ಮಾತ್ರ ಕೇಳಿ. ಈ ಚಿತ್ರ ನಿಮಗೆ ಯಾವ ಸೆಂಟರಿನಿಂದ ಬಂತು? ನೀವು ಇಂಡಿಜಿನಸ್ ಆರ್ಟ್ ಕೋಡ್‌ನ ಸದಸ್ಯರಾ? ಕಲಾವಿದರ ಜೊತೆ ನ್ಯಾಯವಾಗಿ ವ್ಯಾಪಾರ ಮಾಡುತ್ತೇವೆ ಅಂತ ವ್ಯಾಪಾರಿಗಳು ಒಪ್ಪಿಕೊಳ್ಳುವ ನಿಯಮಾವಳಿ ಇದು. ಸೇರುವುದು ಕಡ್ಡಾಯವಲ್ಲ, ತಾವಾಗೇ ಸೇರಬೇಕು. ಉತ್ತರ ತಡವರಿಸಿದರೆ ಹೊರಗೆ ಬನ್ನಿ.

ಹರಾಜಿನ ಮಾತು ಬೇರೆ. ಅಲ್ಲಿ ಮಾರುವವರು ಹಿಂದೆ ಕೊಂಡಿದ್ದವರು. 2001ರಲ್ಲಿ ರೋವರ್ ಥಾಮಸ್ ಅವರ ಒಂದು ಚಿತ್ರವನ್ನು ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ಹರಾಜಿನಲ್ಲಿ 7,78,750 ಡಾಲರ್ ಕೊಟ್ಟು ಕೊಂಡಿತು. ರೋವರ್ ತೀರಿಕೊಂಡು ಮೂರು ವರ್ಷವಾಗಿತ್ತು. ಮರುಮಾರಾಟದಲ್ಲಿ ಕಲಾವಿದರಿಗೋ ಅವರ ವಾರಸುದಾರರಿಗೋ 5 ಪರ್ಸೆಂಟ್ ಕೊಡಬೇಕೆಂಬ ಕಾನೂನು ಜಾರಿಗೆ ಬಂದದ್ದು 2010ರ ಜೂನ್‌ನಲ್ಲಿ, 1000 ಡಾಲರ್ ಮತ್ತು ಅದಕ್ಕಿಂತ ಮೇಲಿನ ಮಾರಾಟಕ್ಕೆ. ಅಷ್ಟು ದೊಡ್ಡ ಮೊತ್ತದಲ್ಲಿ ಮನೆಯವರಿಗೆ ಇಷ್ಟು ಕೊಡಲೇಬೇಕು ಅನ್ನುವ ಕಾನೂನು ಆಗ ಇರಲೇ ಇಲ್ಲ. ಹಳೆಯ ಹಿರಿಯರ ಕೆಲಸವೇ ಬೇಕು ಅನ್ನುವವರಿಗೆ ಹರಾಜು ಬಿಟ್ಟು ದಾರಿ ಕಡಿಮೆ. ಹಳೆಯ, ಬೆಲೆಬಾಳುವ ಚಿತ್ರವನ್ನು ದೇಶದಿಂದ ಆಚೆ ಒಯ್ಯಲು ಸರ್ಕಾರದ ಅನುಮತಿ ಬೇಕಾಗಬಹುದು, ಅದನ್ನೂ ಕೇಳಿಕೊಳ್ಳಿ.

ನಾನು ಖಂಡಿತ ಬೇಡ ಅನ್ನುವ ದಾರಿ ಎರಡು. ಒಂದು, ಕಲಾವಿದರನ್ನು ಪಟ್ಟಣಕ್ಕೆ ಕರೆತಂದು, ಶೆಡ್ಡಿನಲ್ಲೋ ಲಾಡ್ಜಿನಲ್ಲೋ ಕೂರಿಸಿ ಬರೆಸಿ, ಕೈಗೆ ಸ್ವಲ್ಪ ದುಡ್ಡು ಕೊಟ್ಟು ಕಳಿಸುವ ವ್ಯಾಪಾರಿಗಳು. ಇವರನ್ನು ಕಾರ್ಪೆಟ್‌ಬ್ಯಾಗರ್ ಅನ್ನುತ್ತಾರೆ. ಕಲಾವಿದರು ಬರೆಯುತ್ತಿರುವ ಫೋಟೊ ಇವರ ಹತ್ತಿರವೂ ಇರುತ್ತದೆ. ಚಿತ್ರ ಅಸಲಿ ಅನ್ನುವುದಕ್ಕೆ ಅದು ಸಾಕ್ಷಿ ಆಗಬಹುದು. ಕೊಟ್ಟ ಬೆಲೆ ನ್ಯಾಯದ್ದು ಅನ್ನುವುದಕ್ಕೆ ಆಗುವುದಿಲ್ಲ.

ಎರಡನೆಯದು ಸುವನೀರ್ ಅಂಗಡಿ. ಆಸ್ಟ್ರೇಲಿಯಾ ಸರ್ಕಾರದ ಸಲಹಾ ಸಂಸ್ಥೆ ಪ್ರೊಡಕ್ಟಿವಿಟಿ ಕಮಿಷನ್ 2022ರ ವರದಿಯಲ್ಲಿ ಹೇಳಿದ ಪ್ರಕಾರ, ಮೂಲನಿವಾಸಿ ಶೈಲಿಯ ಸುವನೀರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಕಲಿ. ಇಂಡೊನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್, ಡಿಜರಿಡೂ ಎಂಬ ಊದುವ ವಾದ್ಯಗಳನ್ನು ಇಲ್ಲಿನವರೇ ಮಾಡಿದ್ದು ಅನ್ನುವ ಹಾಗೆ ಮಾರಿದ ಒಂದು ಕಂಪನಿಗೆ 2019ರಲ್ಲಿ ಕೋರ್ಟು 23 ಲಕ್ಷ ಡಾಲರ್ ದಂಡ ಹಾಕಿತು. ಅಗ್ಗದ ಉಡುಗೊರೆಯೇ ಬೇಕಿದ್ದರೆ ಆರ್ಟ್ ಸೆಂಟರಿನ ಕಾರ್ಡು, ಟೀ ಟವಲ್, ಚೀಲ ತಗೊಳ್ಳಿ. ಹತ್ತು ಜನ ನೆಂಟರಿಗೆ ಹಂಚಲು ಅವು ಸಾಕು.

ಕಾಗದ, ಸಾಗಣೆ, ಗೋಡೆ

ಸೆಂಟರಿನ ಚಿತ್ರದ ಜೊತೆ ಪ್ರಮಾಣಪತ್ರ ಬರುತ್ತದೆ. ಕಲಾವಿದರ ಹೆಸರು, ಭಾಷೆ, ಅಳತೆ, ಕ್ಯಾಟಲಾಗ್ ನಂಬರ್, ಚಿತ್ರದ ಕತೆ ಅದರಲ್ಲಿರುತ್ತದೆ. ಅದೇ ನಂಬರ್ ಕ್ಯಾನ್ವಾಸಿನ ಹಿಂದೆಯೂ ಇರಬೇಕು. ತಿರುಗಿಸಿ ನೋಡಿ. ಇನ್ನೊಂದು ಮಾತು. ಚಿತ್ರ ಕೊಂಡರೆ ಕಾಪಿರೈಟ್ ಸಿಕ್ಕ ಹಾಗಲ್ಲ. ಅದನ್ನು ಮಗಳ ಮದುವೆ ಕಾರ್ಡಿಗೋ ಆಫೀಸಿನ ಕ್ಯಾಲೆಂಡರಿಗೋ ಹಾಕಬೇಕಾದರೆ ಸೆಂಟರಿನ ಮೂಲಕ ಕಲಾವಿದರನ್ನು ಕೇಳಬೇಕು. ಆ ಕತೆ ಹೇಳುವ ಹಕ್ಕೇ ಕೆಲವರಿಗೆ ಮಾತ್ರ ಇರುತ್ತದೆ, ನೆನಪಿರಲಿ.

ಸಾಗಿಸುವುದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಒಂದು ಸಣ್ಣ ಕಾವಿ ಚಿತ್ರವನ್ನು ಅಂಗಡಿಯವರು ಬಿಗಿಯಾಗಿ, ಬಣ್ಣದ ಮುಖ ಒಳಗೆ ಮಾಡಿ, ಸಣ್ಣ ಕೊಳವೆಯಲ್ಲಿ ಸುತ್ತಿಕೊಟ್ಟರು. ಮನೆಗೆ ಬಂದು ಬಿಚ್ಚಿದಾಗ ಅಡ್ಡಕ್ಕೆ ಎರಡು ಬಿರುಕು, ಕೊಳವೆಯ ತಳದಲ್ಲಿ ಚಿಟಿಕೆ ಕೆಂಪು ಪುಡಿ. ಆ ಪುಡಿ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಈಗ ನಾನು ಚೌಕಟ್ಟಿಗೆ ಬಿಗಿದ ಸಣ್ಣ ಅಳತೆಯದನ್ನೇ ತಗೊಳ್ಳುತ್ತೇನೆ, ಚಪ್ಪಟೆಯಾಗಿ ಪ್ಯಾಕ್ ಮಾಡಿಸುತ್ತೇನೆ. ಸುತ್ತಲೇಬೇಕು ಅಂದರೆ ಅಗಲದ ಕೊಳವೆ, ಸಡಿಲ ಸುತ್ತು, ಬಣ್ಣದ ಮುಖ ಹೊರಗೆ, ಮೇಲೆ ಆಸಿಡ್ ಇಲ್ಲದ ಹಾಳೆ. ಒದ್ದೆ ಬಟ್ಟೆಯಲ್ಲಿ ಎಂದೂ ಒರೆಸಬೇಡಿ. ಅಡಿಗೆಮನೆ, ಬಚ್ಚಲ ಗೋಡೆ, ಊದುಬತ್ತಿಯ ಹೊಗೆ ತಾಗುವ ದೇವರಮನೆ ಮೂರೂ ಬೇಡ. ಗಾಜು ಹಾಕಿಸುವುದಾದರೆ ಗಾಜು ಬಣ್ಣಕ್ಕೆ ತಾಗದಂತೆ ನಡುವೆ ಜಾಗ ಬಿಡಿಸಿ.

ಹಾಗಾದರೆ ಯಾವುದು? ಕೆಲವು ನೂರು ಡಾಲರ್ ಇದ್ದರೆ ಊರಿನ ಸೆಂಟರಿನಿಂದ, ಇನ್ನೂ ಹೆಸರು ಮಾಡುತ್ತಿರುವ ಕಲಾವಿದರ ಸಣ್ಣ ಕಾವಿ ಚಿತ್ರ. ಅದೇ ದುಡ್ಡಿಗೆ ಕಾಗದವಿಲ್ಲದ ದೊಡ್ಡ ಚಿತ್ರ ಬೇರೆಡೆ ಸಿಗಬಹುದು. ಆಸೆ ಪಡಬೇಡಿ. ಕೆಲವು ಸಾವಿರ ಇದ್ದರೆ ಹೆಸರಾದ ಹಿರಿಯರ ಮಧ್ಯಮ ಅಳತೆಯದು, ಸೆಂಟರಿನಿಂದಲೋ ಅದರ ಜೊತೆ ಕೆಲಸ ಮಾಡುವ ಗ್ಯಾಲರಿಯಿಂದಲೋ. ಬಾಡಿಗೆ ಮನೆ ಬದಲಿಸುತ್ತಲೇ ಇರುವವರಿಗೆ ಸದ್ಯಕ್ಕೆ ಅಕ್ರಿಲಿಕ್ ಅಥವಾ ಸೆಂಟರಿನವರೇ ಮಾಡಿಸಿದ ಪ್ರಿಂಟ್. ಮುಂದೆ ಬೆಲೆ ಏರುತ್ತದೆ ಅಂತ ಲೆಕ್ಕ ಹಾಕಿ ಕೊಳ್ಳುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

ಕೊಂಡ ಮೇಲೆ ಒಂದು ಕೆಲಸ ಮಾಡಿ. ಪ್ರಮಾಣಪತ್ರದ ಕತೆಯನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆಯಿರಿ. ಕಲಾವಿದರ ಹೆಸರು, ಊರಿನ ಹೆಸರು, ನಂಬರ್ ಸೇರಿಸಿ, ಒಂದು ಲಕೋಟೆಯಲ್ಲಿಟ್ಟು ಚೌಕಟ್ಟಿನ ಹಿಂದೆ ಸಿಕ್ಕಿಸಿ. ನಾಳೆ ಮೊಮ್ಮಕ್ಕಳು ಗೋಡೆಯಿಂದ ಇಳಿಸಿದಾಗ, ಆ ಬಿಳಿ ದುಂಡು ಗರ್ನ್‌ಕಿನಿ, ಅದು ಗಿಜಾ ಜನರ ಚಂದ್ರ ಅಂತ ಅವರಿಗೆ ಗೊತ್ತಾಗಲಿ.